ಹಳೆ ಕಾರಿನ ಸೈಲೆನ್ಸರ್ ಪೈಪ್ ತುಕ್ಕು ಹಿಡಿದು ತೂತಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ 1998ರ ಮಾರುತಿ 800 ಇದೆ. ಅಪ್ಪ ತೆಗೆದ ಕಾರು, ಈಗ ನಾನು ಓಡಿಸುತ್ತಿದ್ದೇನೆ. ಮನೆ ಇರುವುದು ಉಡುಪಿ ಹತ್ತಿರ, ಕಡಲಿನ ಗಾಳಿ ನೇರವಾಗಿ ಬೀಸುವ ಜಾಗದಲ್ಲಿ. ಹಾಗಾಗಿ ತುಕ್ಕಿನ ಜೊತೆ ನಮ್ಮ ಜಗಳ ಹಳೆಯದು. ಹಳೆ ಕಾರು ಇಟ್ಟುಕೊಂಡವರು ಸೈಲೆನ್ಸರ್ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಸೈಲೆನ್ಸರ್ ಅಂದರೆ ಹಿಂದಿರುವ ಡಬ್ಬಿ ಮಾತ್ರವಾ?

ಮಾತಿನಲ್ಲಿ ಎಲ್ಲವನ್ನೂ ಸೈಲೆನ್ಸರ್ ಅಂತಲೇ ಕರೆಯುತ್ತೇವೆ. ಆದರೆ ರಿಪೇರಿಗೆ ಹೋದಾಗ ಯಾವ ಭಾಗ ಅಂತ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ.

ಎಂಜಿನ್ನಿಗೆ ಅಂಟಿಕೊಂಡಿರುವ ಎರಕದ ಕಬ್ಬಿಣದ ಭಾಗ ಮ್ಯಾನಿಫೋಲ್ಡ್. ಅದರಿಂದ ಕೆಳಗಿಳಿಯುವುದು ಫ್ರಂಟ್ ಪೈಪ್. ಆಮೇಲೆ, ನಿಮ್ಮ ಕಾರಿನಲ್ಲಿ ಇದ್ದರೆ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಅದರ ಹಿಂದೆ ಕಾರಿನ ಹೊಟ್ಟೆಯ ಕೆಳಗೆ ಹಾದುಹೋಗುವ ಸೆಂಟರ್ ಪೈಪ್. ಕೊನೆಗೆ ಮಫ್ಲರ್ ಅನ್ನುವ ಡಬ್ಬಿ ಮತ್ತು ಹೊಗೆ ಹೊರಬರುವ ಬಾಲದ ಪೈಪು. ಇಷ್ಟೂ ರಬ್ಬರ್ ಬಳೆಗಳ ಮೇಲೆ ನೇತಾಡುತ್ತಿರುತ್ತದೆ. ಜೋಡಣೆ ಇರುವ ಕಡೆ ಹೊಗೆ ಸೋರದ ಹಾಗೆ ಪ್ಯಾಕಿಂಗ್ ಇರುತ್ತದೆ. ಎಷ್ಟೋ ಸಲ ಪೈಪು ಸರಿಯಾಗೇ ಇರುತ್ತದೆ, ಸದ್ದು ಮಾಡುತ್ತಿರುವುದು ಸುಟ್ಟುಹೋದ ಒಂದು ಪ್ಯಾಕಿಂಗ್, ಅಷ್ಟೇ.

ಅಷ್ಟು ದಪ್ಪದ ಕಬ್ಬಿಣ ಹೇಗೆ ತೂತಾಗುತ್ತದೆ?

ಎರಡು ಕಡೆಯಿಂದ ತಿನ್ನುತ್ತದೆ. ಹೊರಗಿನಿಂದ ತಿನ್ನುವುದು ನಮಗೆ ಕಾಣುತ್ತದೆ. ಮಳೆ ನೀರು, ಕೆಸರು, ಕರಾವಳಿಯಾದರೆ ಉಪ್ಪಿನ ಗಾಳಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಅಲೆ ಜೋರಾದಾಗ ಅಲ್ಲಿ ಹೋಗಿಬಂದರೆ ಗಾಜಿನ ಮೇಲೆ ಬಿಳಿ ಪೊರೆ ಕೂತಿರುತ್ತದೆ. ಅದೇ ಉಪ್ಪು ಕಾರಿನ ಅಡಿಗೂ ಮೆತ್ತಿರುತ್ತದೆ.

ಒಳಗಿನಿಂದ ತಿನ್ನುವುದು ಕಾಣುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಅದು ಆವಿಯಾಗಿ ಪೈಪಿನಲ್ಲಿ ಹೋಗುತ್ತದೆ. ಪೈಪು ಬಿಸಿಯಾಗಿದ್ದರೆ ಆವಿ ಹಾಗೇ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಅಲ್ಲೇ ಹನಿಯಾಗಿ ಮಫ್ಲರಿನ ತಳದಲ್ಲಿ ನಿಲ್ಲುತ್ತದೆ. ಹೊಗೆಯಲ್ಲಿರುವ ಗಂಧಕ, ಸಾರಜನಕದ ಅನಿಲಗಳು ಈ ನೀರಿಗೆ ಸೇರಿ ತೆಳು ಆಸಿಡ್ ಆಗುತ್ತದೆ. ಆ ಆಸಿಡ್ ರಾತ್ರಿಯಿಡೀ ತಗಡಿನ ಮೇಲೆ ಕೂತಿರುತ್ತದೆ. ಮಫ್ಲರ್ ಸಾಮಾನ್ಯವಾಗಿ ಒಳಗಿನಿಂದ ಹೊರಗೆ ಕೊಳೆಯುವುದು ಇದಕ್ಕೇ. ಹೊರಗೆ ಬಣ್ಣ ಚೆನ್ನಾಗಿದೆ ಅಂತ ನಂಬಬೇಡಿ.

ಕಾರು ಕಡಿಮೆ ಓಡಿಸಿದರೆ ಸೈಲೆನ್ಸರ್ ಜಾಸ್ತಿ ದಿನ ಬಾಳುತ್ತದೆ ಅಲ್ವಾ?

ಇಲ್ಲ, ಉಲ್ಟಾ. ದಿನಾ ಹಾಲು ತರಲು ಒಂದು ಕಿಲೋಮೀಟರ್ ಹೋಗಿ ಬರುವ ಕಾರಿನ ಮಫ್ಲರ್ ಬೇಗ ಹೋಗುತ್ತದೆ. ಅಷ್ಟು ದೂರಕ್ಕೆ ಹಿಂದಿನ ಡಬ್ಬಿ ಕಾಯುವುದೇ ಇಲ್ಲ. ನೀರು ಒಳಗೇ ಉಳಿಯುತ್ತದೆ. ಶೆಡ್ಡಿನಲ್ಲಿ ನಿಂತ ಕಾರನ್ನು ಸುಮ್ನೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದೂ ಅಷ್ಟೇ. ವಾರಕ್ಕೊಮ್ಮೆ 15–20 ಕಿಲೋಮೀಟರ್ ಓಡಿಸಿ, ಪೈಪು ಪೂರ್ತಿ ಕಾಯಲಿ.

ತೂತು ಎಲ್ಲಿದೆ ಅಂತ ಕಂಡುಹಿಡಿಯುವುದು ಹೇಗೆ?

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಬಯಲಿನಲ್ಲಿ ಕಾರು ನಿಲ್ಲಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಬ್ಬರು ಸ್ಟಾರ್ಟ್ ಮಾಡಲಿ. ನೀವು ದಪ್ಪ ಬಟ್ಟೆಯನ್ನು ಮಡಚಿ ಬಾಲದ ಪೈಪಿನ ಬಾಯಿಗೆ ಒಂದೆರಡು ಸೆಕೆಂಡ್ ಹಿಡಿಯಿರಿ. ಪೈಪು ಗಟ್ಟಿಯಿದ್ದರೆ ಬಟ್ಟೆಯನ್ನು ಒತ್ತಿ ತಳ್ಳುತ್ತದೆ, ಎಂಜಿನ್ ಸದ್ದು ಕುಗ್ಗುತ್ತದೆ. ತೂತಿದ್ದರೆ ಒತ್ತಡ ಬರುವುದೇ ಇಲ್ಲ. ಬದಲಿಗೆ ಕಾರಿನ ಕೆಳಗೆ ಎಲ್ಲೋ 'ಸುಸ್' ಅಂತ ಕೇಳುತ್ತದೆ. ಆ ಸದ್ದಿನ ದಿಕ್ಕು ಗುರುತಿಟ್ಟುಕೊಂಡು ಎಂಜಿನ್ ಆಫ್ ಮಾಡಿ.

ಆಮೇಲೆ ಟಾರ್ಚ್ ಹಿಡಿದು ಆ ಜಾಗ ನೋಡಿ. ಹೊಗೆ ಸೋರುವ ಕಡೆ ಕಪ್ಪು ಮಸಿಯ ಗೆರೆ ಇರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಪೈಪನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಒಳ್ಳೆ ಕಬ್ಬಿಣ 'ಟಣ್' ಅನ್ನುತ್ತದೆ. ಕೊಳೆತದ್ದು 'ಡಬ್' ಅನ್ನುತ್ತದೆ, ತುಕ್ಕಿನ ಚಕ್ಕೆ ಉದುರುತ್ತದೆ.

ಹೋದ ಸಲ ನಮ್ಮ ಕಾರಿನಲ್ಲಿ ಕಾಣುತ್ತಿದ್ದುದು ಕಡಲೆಕಾಳಿನಷ್ಟು ತೂತು. ಪಕ್ಕದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಸ್ವಲ್ಪ ಒತ್ತಿದೆ. ಹಪ್ಪಳ ಮುರಿದ ಹಾಗೆ ತುದಿ ಒಳಗೆ ಹೋಯಿತು. ಬೆರಳಿನಿಂದ ಮುಟ್ಟಿದರೆ ಕೆಂಪು ಪುಡಿ. ಇನ್ನೂ ನಾಲ್ಕು ಇಂಚು ಹಿಂದಕ್ಕೆ ಹೋದ ಮೇಲೆ ಗಟ್ಟಿ ಕಬ್ಬಿಣ ಸಿಕ್ಕಿತು. ಆದ್ದರಿಂದ ತೂತಿನ ಅಳತೆ ನೋಡಿ ತೀರ್ಮಾನ ಮಾಡಬೇಡಿ, ಅದರ ಸುತ್ತ ಗಟ್ಟಿ ಕಬ್ಬಿಣ ಎಲ್ಲಿಂದ ಶುರುವಾಗುತ್ತದೆ ನೋಡಿ.

ಒಂದು ವಿಷಯ ಮರೆಯಬೇಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬಾರದು. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನ ರ‍್ಯಾಂಪ್ ಮೇಲೆ ನೋಡಿಸಿ.

ಬೆಳಿಗ್ಗೆ 'ಟಿಕ್ ಟಿಕ್' ಅನ್ನುತ್ತದೆ, ಐದು ನಿಮಿಷದಲ್ಲಿ ನಿಲ್ಲುತ್ತದೆ. ಇದೂ ಅದೇನಾ?

ಹೆಚ್ಚಾಗಿ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸೋರುತ್ತಿರುತ್ತದೆ, ಇಲ್ಲವೇ ಅಲ್ಲೊಂದು ಸಣ್ಣ ಬಿರುಕು. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಸದ್ದು ನಿಂತಿತು ಅಂತ ಬಿಡಬೇಡಿ.

ಸದ್ದು ಬಿಟ್ಟರೆ ಬೇರೇನೂ ತೊಂದರೆ ಇಲ್ಲ. ಹಾಗೇ ಓಡಿಸಬಹುದಾ?

ಈ ಪ್ರಶ್ನೆಗೆ ನಾನು ಪ್ರತಿ ಸಲವೂ ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಸದ್ದನ್ನು ಬೇಕಾದರೆ ಸಹಿಸಿಕೊಳ್ಳಬಹುದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಮಂಪರು. ಕಾರಿನಲ್ಲಿ ಕೂತರೆ ಮಕ್ಕಳಿಗೆ ವಾಂತಿ ಬರುತ್ತದೆ, ಇಳಿದ ಮೇಲೆ ಸರಿಹೋಗುತ್ತದೆ ಅನ್ನುವ ಹಳೆ ಕಾರು ಇದ್ದರೆ ಘಾಟಿ ರಸ್ತೆಯನ್ನು ಬೈಯುವ ಮೊದಲು ಒಮ್ಮೆ ಪೈಪು ನೋಡಿಸಿ.

ತೂತು ಎಲ್ಲಿದೆ ಅನ್ನುವುದು ಇಲ್ಲಿ ಮುಖ್ಯ. ಬಾಲದ ಪೈಪಿನ ತುದಿಯಲ್ಲಿದ್ದರೆ ಹೊಗೆ ಹೆಚ್ಚಾಗಿ ಹಿಂದಕ್ಕೇ ಹೋಗುತ್ತದೆ. ಫ್ರಂಟ್ ಪೈಪಿನಲ್ಲೋ ಸೀಟಿನ ಕೆಳಗಿನ ಸೆಂಟರ್ ಪೈಪಿನಲ್ಲೋ ಇದ್ದರೆ ಹೊಗೆ ನೇರ ನೆಲದ ತಗಡಿಗೆ ಬಡಿಯುತ್ತದೆ. ನಮ್ಮ ಹಳೆ ಕಾರುಗಳಲ್ಲಿ ಆ ತಗಡೂ ತುಕ್ಕು ಹಿಡಿದಿರುತ್ತದೆ. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಜೋರು ಮಳೆಯಲ್ಲಿ ಓಡಿಸಿ ಬಂದ ಮೇಲೆ ಕಾಲಡಿಯ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ನೆಲದಿಂದ ನೀರು ಒಳಗೆ ಬರುತ್ತಿದೆ ಅಂದರೆ ಹೊಗೆಯೂ ಅದೇ ದಾರಿಯಲ್ಲಿ ಬರಬಹುದು. ಪೈಪಿನ ಜೊತೆ ಆ ತಗಡನ್ನೂ ಟಿಂಕರಿಂಗ್ ಮಾಡಿಸಬೇಕು.

ಉದ್ದನೆ ಸಾಮಾನು ಹಾಕಿಕೊಂಡು ಡಿಕ್ಕಿ ಅರ್ಧ ತೆರೆದು ಓಡಿಸುವುದೂ ಅಪಾಯ. ಕಾರಿನ ಹಿಂದೆ ಸುಳಿಯುವ ಗಾಳಿ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದಂತೂ ಪೈಪು ಹೊಸದಿದ್ದರೂ ಬೇಡ.

ಮೈಲೇಜ್ ಕೂಡ ಬೀಳುತ್ತದಾ?

ಕಾರ್ಬ್ಯುರೇಟರ್ (ಕಂಪ್ಯೂಟರ್ ಇಲ್ಲದೆ ಪೆಟ್ರೋಲನ್ನು ಗಾಳಿಗೆ ಬೆರೆಸುವ) ಕಾರಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಎಂಪಿಎಫ್‌ಐ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ) ಕಾರಿನಲ್ಲಿ ಬೀಳಬಹುದು. ಅದರ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಸೆನ್ಸರಿಗಿಂತ ಮುಂದೆ, ಅಂದರೆ ಎಂಜಿನ್ ಕಡೆಗೆ, ತೂತಾದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಪೆಟ್ರೋಲ್ ಕಮ್ಮಿಯಾಯಿತು ಅಂತ ಕಂಪ್ಯೂಟರ್ ತಪ್ಪು ತಿಳಿದು ಜಾಸ್ತಿ ಬಿಡುತ್ತದೆ.

ಮಫ್ಲರಿನ ಅಡಿಯಲ್ಲಿ ಸಣ್ಣ ದುಂಡು ತೂತಿದೆ, ನೀರು ತೊಟ್ಟಿಕ್ಕುತ್ತದೆ. ಬೆಸೆಸಬೇಕಾ?

ಬೇಡವೇ ಬೇಡ. ಎರಡು ಮೂರು ಮಿಲಿಮೀಟರಿನ, ಅಂಚು ನೀಟಾಗಿರುವ ದುಂಡು ತೂತಾದರೆ ಅದು ಕಂಪನಿಯವರೇ ನೀರು ಇಳಿದುಹೋಗಲಿ ಅಂತ ಬಿಟ್ಟದ್ದು. ಎಲ್ಲ ಕಾರಿನಲ್ಲೂ ಇರುವುದಿಲ್ಲ, ಎಷ್ಟೋ ಕಾರುಗಳಲ್ಲಿ ಇರುತ್ತದೆ. ತುಕ್ಕಿನ ತೂತಿಗೆ ಅಂಚು ಹರಿದಿರುತ್ತದೆ, ಸುತ್ತ ಚಕ್ಕೆ ಎದ್ದಿರುತ್ತದೆ.

ಇದು ನನಗೆ ಗೊತ್ತಾದದ್ದು ನಷ್ಟವಾದ ಮೇಲೆ. ಒಂದು ಗ್ಯಾರೇಜಿನಲ್ಲಿ ಬೇರೆ ಕೆಲಸಕ್ಕೆ ಬಿಟ್ಟಾಗ ಆ ತೂತನ್ನೂ ಬೆಸೆದು ಕೊಟ್ಟಿದ್ದರು. ನಾನೂ ಖುಷಿಯಾಗಿ ತಂದೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಡಬ್ಬಿಯ ಹೊಲಿಗೆಯೇ ಬಿಟ್ಟುಕೊಂಡಿತು. ಬಿಚ್ಚಿ ಓರೆ ಮಾಡಿದಾಗ ಒಳಗಿಂದ ಒಂದು ಲೋಟದಷ್ಟು ಕಂದು ನೀರು ಸುರಿಯಿತು. ಈಗ ಆ ತೂತಿನಲ್ಲಿ ಮಣ್ಣು ಕಟ್ಟಿಕೊಂಡರೆ ನಾನೇ ತಂತಿ ತೂರಿಸಿ ಬಿಡಿಸುತ್ತೇನೆ.

ಎಂ-ಸೀಲ್ ಹಚ್ಚಿದರೆ ಸಾಕಾಗುವುದಿಲ್ವಾ?

ಸಾಕಾಗುವುದಿಲ್ಲ. ನೀರಿನ ಪೈಪಿಗೆ ಹಚ್ಚುವ ಎಪಾಕ್ಸಿ ಈ ಬಿಸಿಗೆ ಸುಟ್ಟು ಉದುರುತ್ತದೆ. ಮ್ಯಾನಿಫೋಲ್ಡಿನ ಹತ್ತಿರ ಬಿಸಿ 500 ಡಿಗ್ರಿ ದಾಟುತ್ತದೆ. ಎಕ್ಸಾಸ್ಟ್‌ಗೆ ಅಂತಲೇ ಬರುವ ಪುಟ್ಟಿ, ಬ್ಯಾಂಡೇಜ್ ಪಟ್ಟಿ ಸಿಗುತ್ತವೆ. ತುಕ್ಕನ್ನು ತಂತಿ ಬ್ರಶ್‌ನಿಂದ ಉಜ್ಜಿ, ಪುಟ್ಟಿ ಹಚ್ಚಿ, ಮೇಲೆ ತೆಳು ತಗಡು ಸುತ್ತಿ, ಎರಡು ಕಡೆ ಕ್ಲಾಂಪ್ ಬಿಗಿದರೆ ಕೆಲವು ವಾರ ನಿಲ್ಲುತ್ತದೆ. ಹೊಸ ಪೈಪು ಬರುವವರೆಗಿನ ಏರ್ಪಾಟು ಅಂತ ಮಾತ್ರ ಇದನ್ನು ನಂಬಿ.

ವೆಲ್ಡಿಂಗ್ ಮಾಡಿಸಲಾ, ಹೊಸದೇ ಹಾಕಿಸಲಾ?

ಬೆಸುಗೆ ಹಿಡಿಯಬೇಕಾದರೆ ಹಿಡಿಯಲು ಕಬ್ಬಿಣ ಬೇಕು. ನಮ್ಮ ಮೆಕ್ಯಾನಿಕ್ ಆ ತೂತಿನ ಹಿಂದೆ ನಾಲ್ಕು ಇಂಚು ಕೊಳೆತದ್ದನ್ನು ನೋಡಿ "ಇದಕ್ಕೆ ವೆಲ್ಡಿಂಗ್ ನಿಲ್ಲುದಿಲ್ಲ ಮಾರಾಯ್ರೇ, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಕರಗ್ತದೆ" ಅಂದರು. ಅಷ್ಟೇ ವಿಷಯ.

ತೂತು ಒಂದೇ ಕಡೆ ಇದ್ದು, ಸುತ್ತ ಗಟ್ಟಿ ಇದ್ದರೆ ಪ್ಯಾಚ್ ಹಾಕಿಸಿ. ಕಲ್ಲು ತಾಗಿ ಒಡೆದದ್ದು, ಬೆಸುಗೆ ಬಿಟ್ಟದ್ದು, ಫ್ಲ್ಯಾಂಜ್ (ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸುವ ಅಂಚು) ಪಕ್ಕದ ಬಿರುಕು, ಇವೆಲ್ಲ ವೆಲ್ಡಿಂಗ್‌ಗೆ ಒಗ್ಗುವ ಕೆಲಸಗಳು. ಪೈಪಿನ ಒಂದು ಅಡಿ ಮಾತ್ರ ಕೊಳೆತಿದ್ದರೆ ಅಷ್ಟನ್ನು ಕತ್ತರಿಸಿ ಅದೇ ಅಳತೆಯ ಹೊಸ ತುಂಡು ಸೇರಿಸಬಹುದು. ಹಳೆಯದರ ಮೇಲೆ ಹೊಸದು ಸ್ವಲ್ಪ ಹತ್ತಿ ಕೂರುವ ಹಾಗೆ ಮಾಡಿ ಬೆಸೆದರೆ ಗಟ್ಟಿ.

ಮಫ್ಲರ್ ಕೊಳೆತಿದ್ದರೆ ಮಾತ್ರ ನಾನು ಪ್ಯಾಚಿಗೆ ಒಪ್ಪುವುದಿಲ್ಲ. ಒಳಗಿನ ತಗಡುಗಳೂ ಕಳಚಿರುತ್ತವೆ. ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಹೊರಗೆ ಎಷ್ಟು ಪ್ಯಾಚ್ ಹಾಕಿದರೂ ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಎರಡು ಸಲದ ವೆಲ್ಡಿಂಗ್ ಕೂಲಿ, ಎರಡು ದಿನದ ಓಡಾಟ ಲೆಕ್ಕ ಹಾಕಿದರೆ ಹೊಸದೇ ಅಗ್ಗ.

ವೆಲ್ಡಿಂಗ್ ಮಾಡಿಸುವಾಗ ಪಕ್ಕದಲ್ಲಿ ನಿಂತು ಏನು ನೋಡಬೇಕು?

ಆದಷ್ಟು ಪೈಪನ್ನು ಕಾರಿನಿಂದ ಬಿಚ್ಚಿಸಿಯೇ ಬೆಸೆಸಿ. ಪೆಟ್ರೋಲ್ ಟ್ಯಾಂಕ್, ಪೆಟ್ರೋಲ್ ಹೋಗುವ ನಳಿಗೆ, ಬ್ರೇಕ್ ಪೈಪ್ ಎಲ್ಲ ಅಲ್ಲೇ ಹತ್ತಿರ ಇರುತ್ತವೆ. ಕಾರಿನ ಅಡಿಭಾಗಕ್ಕೆ ಹೊಡೆದ ಡಾಂಬರಿನಂಥ ಕೋಟಿಂಗ್ ಕೂಡ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಾರಿನಲ್ಲೇ ಬೆಸೆಯುವುದು ಅನಿವಾರ್ಯವಾದರೆ ಮೊದಲು ಬ್ಯಾಟರಿ ವೈರ್ ಕಳಚಿಸಿ, ಇಲ್ಲದಿದ್ದರೆ ಎಂಪಿಎಫ್‌ಐ ಕಾರಿನ ಕಂಪ್ಯೂಟರ್ ಸುಟ್ಟೀತು. ಅರ್ಥ್ ಕ್ಲಾಂಪ್ ಬೆಸೆಯುವ ಜಾಗದ ಹತ್ತಿರವೇ ಹಿಡಿಯಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಹಾಗಿರಲಿ.

ಪೈಪಿನ ತಗಡು ತೆಳು. ಸಾಮಾನ್ಯ ಆರ್ಕ್ ವೆಲ್ಡಿಂಗ್‌ನಲ್ಲಿ ಕೈ ಪಳಗದಿದ್ದರೆ ಇನ್ನಷ್ಟು ತೂತಾಗುತ್ತದೆ. ಸಿಓ2 ವೆಲ್ಡಿಂಗ್ ಅಥವಾ ಗ್ಯಾಸ್ ವೆಲ್ಡಿಂಗ್ ಇರುವ ಕಡೆ ಕೊಡಿ.

ಇನ್ನೊಂದು, ತುಂಡು ಹಾಕಲು ನೀರಿನ ಜಿಐ ಪೈಪ್ ತರುವವರಿದ್ದಾರೆ. ಅದಕ್ಕೆ ಸತುವಿನ ಲೇಪ ಇರುತ್ತದೆ. ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದರೆ ವೆಲ್ಡರ್‌ಗೆ ಸಂಜೆ ಹೊತ್ತಿಗೆ ಚಳಿಜ್ವರ ಬರುತ್ತದೆ. ನಮ್ಮ ಕಾರಿಗಾಗಿ ಅವರ ಆರೋಗ್ಯ ಯಾಕೆ ಕೆಡಬೇಕು? ಲೇಪವಿಲ್ಲದ ಎಂಎಸ್ (ಮೈಲ್ಡ್ ಸ್ಟೀಲ್) ಪೈಪ್ ಕೇಳಿ.

ಒರಿಜಿನಲ್, ಲೋಕಲ್, ಗುಜರಿ, ಸ್ಟೀಲ್. ಯಾವುದು ತೆಗೆದುಕೊಳ್ಳಲಿ?

ಮಾರುತಿ 800 ತಯಾರಿಕೆ 2014ರಲ್ಲಿ ನಿಂತರೂ ಅದರ ಸೈಲೆನ್ಸರ್ ಇನ್ನೂ ಸಿಗುತ್ತದೆ, ಅಷ್ಟು ಕಾರುಗಳು ರಸ್ತೆಯಲ್ಲಿವೆ. ಕಮ್ಮಿ ಮಾರಾಟವಾದ ಮಾಡೆಲ್ ನಿಮ್ಮದಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಬೇಕಾಗುತ್ತದೆ. ಹೋಗುವಾಗ ಹಳೆ ಪೈಪಿನ ಫೋಟೊ, ಹೊರ ವ್ಯಾಸ, ಫ್ಲ್ಯಾಂಜಿನ ಬೋಲ್ಟ್ ತೂತುಗಳ ನಡುವಿನ ಅಂತರ ಬರೆದುಕೊಂಡು ಹೋಗಿ. ವರ್ಷವನ್ನೂ ಹೇಳಿ. ಕಾರ್ಬ್ಯುರೇಟರ್ ಕಾರಿನ ಪೈಪು ಎಂಪಿಎಫ್‌ಐ ಕಾರಿಗೆ ಕೂರುತ್ತದೆ ಅಂತ ಅಂದುಕೊಳ್ಳಬೇಡಿ.

ಲೋಕಲ್ ಮಾಲಿನಲ್ಲೂ ಒಳ್ಳೆಯದಿದೆ. ಎರಡನ್ನು ಎರಡು ಕೈಯಲ್ಲಿ ಎತ್ತಿ ನೋಡಿ. ತೀರಾ ಹಗುರವಿದ್ದರೆ ತಗಡು ತೆಳು ಅಂತ ಅರ್ಥ. ಹೊಲಿಗೆ, ಬೆಸುಗೆ ಸುತ್ತಲೂ ಒಂದೇ ಸಮ ಇದೆಯಾ ನೋಡಿ. ಗುಜರಿಯ ಮಫ್ಲರ್ ನಾನು ತರುವುದಿಲ್ಲ, ಒಳಗೆ ಎಷ್ಟು ಕೊಳೆತಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಎರಕದ ಮ್ಯಾನಿಫೋಲ್ಡ್ ಆದರೆ ಗುಜರಿಯಲ್ಲೂ ತರಬಹುದು, ಬಿರುಕು ಇದೆಯಾ ಅಂತ ನೋಡಿಕೊಂಡು.

ಕಡಲ ಹತ್ತಿರ ಇರುವವರು, ಕಾರನ್ನು ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುವವರು ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮಾಡಿಸಿಕೊಳ್ಳಬಹುದು. 409 ಅನ್ನುವ ಬಗೆ ಅಗ್ಗ, ಮೇಲ್ಮೈಯಲ್ಲಿ ಸ್ವಲ್ಪ ಕಂದು ಬಣ್ಣ ಬರುತ್ತದೆ, ಆದರೂ ಬಾಳುತ್ತದೆ. 304 ದುಬಾರಿ, ಉಪ್ಪಿಗೆ ಚೆನ್ನಾಗಿ ತಡೆದುಕೊಳ್ಳುತ್ತದೆ. ಅಂಗಡಿಯವರು 304 ಅಂದರೆ ಜೇಬಿನಲ್ಲೊಂದು ಅಯಸ್ಕಾಂತ ಇರಲಿ. ನೇರ ಪೈಪಿಗೆ ಗಟ್ಟಿಯಾಗಿ ಅಂಟಿದರೆ ಅದು 304 ಅಲ್ಲ.

ನಾನೇ ಮನೆಯಲ್ಲಿ ಬಿಚ್ಚಿ ಹಾಕಬಹುದಾ?

ಹಿಂದಿನ ಮಫ್ಲರ್ ಆದರೆ ಹಾಕಬಹುದು. ಕಷ್ಟ ಇರುವುದು ಒಂದೇ, ತುಕ್ಕು ಹಿಡಿದ ನಟ್ಟು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ಫಿಕ್ಸ್ ಸ್ಪ್ಯಾನರ್ ಬೇಡ, ಮೂಲೆ ಸವೆಯುತ್ತದೆ. ರಿಂಗ್ ಅಥವಾ ಬಾಕ್ಸ್ ಸ್ಪ್ಯಾನರ್ ಹಾಕಿ. ಮೊದಲು ಸ್ವಲ್ಪ ಬಿಗಿಯುವ ಕಡೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆ. ಹೀಗೆ ಹಿಂದೆ ಮುಂದೆ ಮಾಡಿದರೆ ತುಕ್ಕು ಸಡಿಲಾಗುತ್ತದೆ. ಬರಲೇ ಇಲ್ಲ ಅಂದರೆ ಮಫ್ಲರ್ ಕಡೆಯ ಬೋಲ್ಟನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ, ಹೊಸದು ಹಾಕಿದರಾಯಿತು. ತುಕ್ಕಿನ ಪುಡಿ ಮುಖದ ಮೇಲೇ ಬೀಳುವುದರಿಂದ ಕನ್ನಡಕ ಬೇಕೇ ಬೇಕು.

ಮ್ಯಾನಿಫೋಲ್ಡಿನ ಸ್ಟಡ್‌ಗಳ (ಎಂಜಿನ್ನಿಗೆ ತಿರುಪಿದ ತಲೆಯಿಲ್ಲದ ಬೋಲ್ಟ್‌ಗಳ) ಮೇಲೆ ಮಾತ್ರ ಬಲ ತೋರಿಸಬೇಡಿ. ಮುರಿದರೆ ಡ್ರಿಲ್ ಮಾಡಿ ತೆಗೆಯಬೇಕು, ಸಣ್ಣ ಕೆಲಸ ದೊಡ್ಡದಾಗುತ್ತದೆ. ಅದನ್ನು ಬಿಸಿ ಮಾಡಿ ಬಿಚ್ಚುವ ಮೆಕ್ಯಾನಿಕ್‌ಗೆ ಬಿಡಿ.

ಹಾಕುವಾಗ ಎಲ್ಲ ನಟ್ಟನ್ನೂ ಮೊದಲು ಸಡಿಲವಾಗಿಯೇ ಕೂರಿಸಿ. ಪೈಪು ಎಲ್ಲೂ ಕಾರಿನ ಮೈಗೆ, ಆಕ್ಸಲ್‌ಗೆ ತಾಗದ ಹಾಗೆ ಹೊಂದಿಸಿ. ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಪ್ಯಾಕಿಂಗ್, ರಬ್ಬರ್ ಎರಡೂ ಹೊಸದೇ ಹಾಕಿ. ಹಳೆ ರಬ್ಬರ್ ತುಂಡಾದರೆ ಪೈಪು ಜೋತುಬಿದ್ದು ಹೊಸ ಬೆಸುಗೆಯೇ ಬಿರಿಯುತ್ತದೆ.

ಹೊಸದು ಹಾಕಿದ ಮೇಲೆ ಕೆಳಗಿನಿಂದ ಹೊಗೆ ಬರುತ್ತಿದೆ!

ಹೆದರಬೇಡಿ. ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆ, ಬಣ್ಣ ಸುಡುತ್ತಿರುತ್ತದೆ. ಸ್ವಲ್ಪ ದೂರ ಓಡಿಸಿದರೆ ನಿಲ್ಲುತ್ತದೆ. ನಿಲ್ಲದಿದ್ದರೆ ಪೈಪಿಗೆ ವೈರೋ ರಬ್ಬರೋ ತಾಗುತ್ತಿದೆಯಾ ನೋಡಿ. ಒಂದು ವಾರ ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.

ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ. ತೆಗೆದು ನೇರ ಪೈಪು ಹಾಕಿ ಅನ್ನುತ್ತಾರೆ, ಹಾಕಿಸಲಾ?

ಬೇಡ. ನಮ್ಮ ದೇಶದಲ್ಲಿ ಇದು ಮೊದಲು ಕಡ್ಡಾಯವಾದದ್ದು 1995ರಲ್ಲಿ, ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಹಾಗಾಗಿ ತೀರಾ ಹಳೆ ಕಾರುಗಳಲ್ಲಿ ಇಲ್ಲದೇ ಇರಬಹುದು. ಆದರೆ ಇದ್ದ ಕಾರಿನಿಂದ ತೆಗೆಸಿದರೆ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಭಾರತ್ ಸ್ಟೇಜ್ (ಬಿಎಸ್) ಹೊಗೆ ನಿಯಮಗಳಲ್ಲಿ ಬಿಎಸ್-2ಕ್ಕಿಂತ ಹಿಂದಿನ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3ರವರೆಗೆ ಬಿಟ್ಟಿದ್ದಾರೆ. ಬಿಎಸ್-2, ಬಿಎಸ್-3 ಕಾರಿಗೆ ಶೇ 0.5, ಬಿಎಸ್-4ಕ್ಕೆ ಶೇ 0.3. ಕನ್ವರ್ಟರ್ ಇಲ್ಲದೆ ಅಷ್ಟು ಕೆಳಗೆ ಇಳಿಸುವುದು ಕಷ್ಟ. ನಿಮ್ಮ ಹಿಂದೆ ಬರುವ ಸ್ಕೂಟರಿನವರು ಕುಡಿಯುವುದೂ ಅದೇ ಹೊಗೆ.

ಹಳೆಯ ಕನ್ವರ್ಟರನ್ನು ಗ್ಯಾರೇಜಿನಲ್ಲಿ ಸುಮ್ಮನೆ ಬಿಟ್ಟು ಬರಬೇಡಿ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಗುಜರಿಯಲ್ಲೂ ಬೆಲೆ ಇದೆ.

ಪಿಯುಸಿ (ಹೊಗೆ ಪರೀಕ್ಷೆ), ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆ) ತೂತು ಅಡ್ಡಿಯಾಗುತ್ತದಾ?

ಆಗುತ್ತದೆ. ತೂತಿನಿಂದ ಗಾಳಿ ಬೆರೆತರೆ ಪಿಯುಸಿ ರೀಡಿಂಗ್ ಸರಿ ಬರುವುದಿಲ್ಲ. 15 ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಕಾರನ್ನು ಎಫ್‌ಸಿ ತಪಾಸಣೆಗೆ ಒಯ್ಯಬೇಕು. ಅದಕ್ಕೆ ಒಂದು ತಿಂಗಳು ಮೊದಲೇ ಪೈಪು ನೋಡಿಸಿ.

ದಾರಿಯಲ್ಲಿ ಪೈಪು ಕಳಚಿ ನೆಲಕ್ಕೆ ಉಜ್ಜುತ್ತಿದ್ದರೆ ಏನು ಮಾಡಲಿ?

ಪಕ್ಕಕ್ಕೆ ನಿಲ್ಲಿಸಿ. ಪೈಪು ಆರಲು ಅರ್ಧ ಗಂಟೆ ಕೊಡಿ. ಆಮೇಲೆ ಕಬ್ಬಿಣದ ತಂತಿಯಿಂದ ಕೊಂಡಿಗೆ ಎತ್ತಿ ಕಟ್ಟಿ. ಪ್ಲಾಸ್ಟಿಕ್ ಹಗ್ಗ ಕರಗುತ್ತದೆ. ಹತ್ತಿರದ ಗ್ಯಾರೇಜಿನವರೆಗೆ ಎಲ್ಲ ಕಿಟಕಿ ತೆರೆದು, ಮೆಲ್ಲಗೆ ಹೋಗಿ. ಮಕ್ಕಳನ್ನು ಬೇರೆ ಗಾಡಿಯಲ್ಲಿ ಕಳಿಸಲು ಆದರೆ ಕಳಿಸಿ. ನಮ್ಮ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಒಂದು ಸುರುಳಿ ತಂತಿ, ಒಂದು ಪಕ್ಕಡ ಯಾವಾಗಲೂ ಇರುತ್ತದೆ.

ಪೇಂಟ್ ಹೊಡೆದರೆ ತುಕ್ಕು ತಡೆಯುತ್ತದಾ?

ಸಾಮಾನ್ಯ ಪೇಂಟ್ ಸುಟ್ಟು ಹೋಗುತ್ತದೆ. ಬಿಸಿ ತಡೆಯುವ ಅಲ್ಯೂಮಿನಿಯಂ ಪೇಂಟ್ ಸಿಗುತ್ತದೆ, ಹೊಸ ಪೈಪಿಗೆ ಜೋಡಿಸುವ ಮೊದಲೇ ಹೊಡೆಸಿ. ಬೆಸೆದ ಜಾಗಗಳಿಗೆ ತಪ್ಪದೆ ಹೊಡೆಸಿ, ತುಕ್ಕು ಮೊದಲು ಶುರುವಾಗುವುದು ಅಲ್ಲೇ. ಒಳಗಿನ ತುಕ್ಕಿಗೆ ಪೇಂಟ್ ಏನೂ ಮಾಡುವುದಿಲ್ಲ.

ಮಳೆಗಾಲದಲ್ಲಿ ಬೇರೇನು ಮಾಡಬಹುದು?

ಕಡಲ ಬದಿ ಓಡಿಸಿದ ದಿನ ಕಾರಿನ ಅಡಿಗೆ ಸಿಹಿನೀರು ಬಿಡಿ, ಪೈಪು ಆರಿದ ಮೇಲೆ. ಸುಡುವ ಮ್ಯಾನಿಫೋಲ್ಡಿಗೆ ತಣ್ಣೀರು ಬಿದ್ದರೆ ಎರಕ ಬಿರುಕು ಬಿಡಬಹುದು. ಒದ್ದೆ ಹುಲ್ಲಿನ ಮೇಲೆ, ತರಗೆಲೆ ರಾಶಿಯ ಮೇಲೆ ಕಾರು ನಿಲ್ಲಿಸಬೇಡಿ. ಕೆಳಗಿನಿಂದ ತೇವ ಏಳುತ್ತಲೇ ಇರುತ್ತದೆ. ನಾವು ಶೆಡ್ಡಿನ ನೆಲಕ್ಕೆ ಜಲ್ಲಿ ಹಾಕಿಸಿದ್ದೇವೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತುಳು ತಿಂಗಳು) ವಾರಕ್ಕೊಮ್ಮೆ ಕಾರ್ಕಳದವರೆಗೆ ಓಡಿಸಿ, ಬಂದ ಮೇಲೆ ಮಫ್ಲರಿನ ಅಡಿಯ ಆ ಸಣ್ಣ ತೂತಿನಿಂದ ನೀರು ಇಳಿದಿದೆಯಾ ಅಂತ ಬಗ್ಗಿ ನೋಡುತ್ತೇನೆ.